ಸೋತ ಆಟವನ್ನೂ ಬರೆದಿಡಿ

ಮಕ್ಕಳೇ, ಮಳೆಗಾಲದಲ್ಲಿ ನೀವು ಯಾವ ಆಟ ಆಡುತ್ತೀರಿ? ಭಟ್ಕಳ ತಾಲೂಕಿನ ಮಾವಳ್ಳಿಯಂತಹ ಕರಾವಳಿಯ ಊರುಗಳಲ್ಲಿ ಜೂನ್ ತಿಂಗಳು ಬಂತೆಂದರೆ ಮೈದಾನದ ತುಂಬ ನೀರು. ಮುರ್ಡೇಶ್ವರದ ಕಡಲ ದಂಡೆಯಲ್ಲಿ ದೊಡ್ಡ ದೊಡ್ಡ ಅಲೆಗಳು. ಕಬಡ್ಡಿ, ಖೋಖೋ ಆಡುವಂತಿಲ್ಲ. ಆಗ ಜಗಲಿಯಲ್ಲಿ ಕುಳಿತು ಚದುರಂಗ ಆಡುವುದೇ ಚೆಂದ, ಅಲ್ಲವೇ?

ಆದರೆ ಆಟದ ನಡುವೆ ಜಗಳವೂ ಬರುತ್ತದೆ. "ನನ್ನ ಕುದುರೆ ಈ ಮನೆಯಲ್ಲಿತ್ತು!" "ಇಲ್ಲ, ಆ ಮನೆಯಲ್ಲಿತ್ತು!" ಕೊನೆಗೆ ಯಾರ ಮಾತು ನಡೆಯುತ್ತದೆ? ಹೆಚ್ಚಾಗಿ ಗಟ್ಟಿಯಾಗಿ ಕೂಗಿದವರ ಮಾತು. ಐದನೇ ತರಗತಿಯ ಹುಡುಗಿ ಏಳನೇ ತರಗತಿಯ ಅಣ್ಣನ ಎದುರು ಸುಮ್ಮನಾಗಿಬಿಡುತ್ತಾಳೆ. ಇದು ನ್ಯಾಯವೇ?

ಇದಕ್ಕೆ ಒಂದು ಸುಲಭ ಪರಿಹಾರವಿದೆ. ಒಂದು ಹಾಳೆ, ಒಂದು ಪೆನ್ಸಿಲ್. ಪ್ರತಿ ನಡೆಯನ್ನೂ ಬರೆಯುತ್ತಾ ಹೋಗುವುದು. ಹಾಳೆಯ ಮುಂದೆ ಚಿಕ್ಕವರು, ದೊಡ್ಡವರು ಎಂಬ ಭೇದವಿಲ್ಲ. ಬರೆದದ್ದೇ ಸಾಕ್ಷಿ.

ಬರೆಯುವುದು ಹೇಗೆ? ಮಣೆಯಲ್ಲಿ 64 ಮನೆಗಳಿವೆ. ಬಿಳಿ ಕಾಯಿಯವರ ಎಡಗಡೆಯಿಂದ 8 ಕಂಬಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಸಂಖ್ಯೆ. ಹೀಗೆ ಪ್ರತಿ ಮನೆಗೂ ಒಂದು ವಿಳಾಸ ಸಿಗುತ್ತದೆ. ಗಣಿತದ ನಕ್ಷೆಯಲ್ಲಿ ಬಿಂದುವನ್ನು ಗುರುತಿಸುವ ಹಾಗೆಯೇ ಇದು. ಕಾಯಿಗಳ ಹೆಸರನ್ನು ನಮ್ಮ ನಮ್ಮ ದೇಶದಲ್ಲಿ ರೂಢಿಯಲ್ಲಿರುವಂತೆ ಚಿಕ್ಕದಾಗಿ ಬರೆಯಲು ವಿಶ್ವ ಚದುರಂಗ ಸಂಸ್ಥೆಯಾದ ಫಿಡೆಯ ನಿಯಮವೇ ಅವಕಾಶ ಕೊಟ್ಟಿದೆ. ನಾವು ರಾಜನಿಗೆ 'ರಾ', ಮಂತ್ರಿಗೆ 'ಮ', ಆನೆಗೆ 'ಆ', ಒಂಟೆಗೆ 'ಒಂ', ಕುದುರೆಗೆ 'ಕು' ಎಂದು ಬರೆಯೋಣ. ಸೈನಿಕನಿಗೆ ಅಕ್ಷರ ಬೇಡ. ಮನೆಯ ವಿಳಾಸವೊಂದೇ ಸಾಕು.

ಈಗ ಈ ಆಟವನ್ನು ನಿಮ್ಮ ಮಣೆಯಲ್ಲಿ ಇಟ್ಟು ನೋಡಿ. ಮೊದಲನೆಯದು ಬಿಳಿಯ ನಡೆ, ಎರಡನೆಯದು ಕಪ್ಪಿನದು.

1. ಇ4, ಇ5
2. ಒಂ ಸಿ4, ಕು ಸಿ6
3. ಮ ಎಚ್5, ಕು ಎಫ್6
4. ಮ ಎಫ್7, ಚೆಕ್‌ಮೇಟ್!

ನಾಲ್ಕೇ ನಡೆಯಲ್ಲಿ ಕಪ್ಪು ಸೋತಿತು. ಹಾಳೆ ಇಲ್ಲದಿದ್ದರೆ ಸೋತವರು ಏನು ಹೇಳುತ್ತಾರೆ? "ನನ್ನ ಅದೃಷ್ಟ ಸರಿಯಿರಲಿಲ್ಲ." ಹಾಳೆ ಇದ್ದರೆ ತಪ್ಪು ಎಲ್ಲಿ ಎಂದು ಹುಡುಕಬಹುದು. 3ನೇ ನಡೆ ನೋಡಿ. ಬಿಳಿಯ ಮಂತ್ರಿ ಮತ್ತು ಒಂಟೆ ಎರಡೂ ಎಫ್7 ಮನೆಯ ಮೇಲೆ ಕಣ್ಣಿಟ್ಟಿವೆ. ಆ ಮನೆಯನ್ನು ಕಾಯುತ್ತಿರುವುದು ರಾಜ ಒಬ್ಬನೇ. ಕಪ್ಪು ಕುದುರೆ ಮಂತ್ರಿಯನ್ನು ಹೆದರಿಸಲು ಹೋಗಿ ಎಫ್7ನ್ನು ಮರೆಯಿತು. ಅದರ ಬದಲು ಸೈನಿಕನನ್ನು ಜಿ6ಕ್ಕೆ ಇಟ್ಟಿದ್ದರೆ ಮಂತ್ರಿಯ ದಾರಿಯೂ ಮುಚ್ಚುತ್ತಿತ್ತು, ಮಂತ್ರಿಯೇ ಓಡಬೇಕಾಗುತ್ತಿತ್ತು. ತಪ್ಪು ಅದೃಷ್ಟದ್ದಲ್ಲ, 3ನೇ ನಡೆಯದು! ಪ್ರಯೋಗ ವಿಫಲವಾದಾಗ ವಿಜ್ಞಾನಿಗಳೂ ತಮ್ಮ ಟಿಪ್ಪಣಿ ಪುಸ್ತಕವನ್ನು ತೆರೆದು ಹೀಗೆಯೇ ಹುಡುಕುತ್ತಾರೆ.

ದೊಡ್ಡ ಪಂದ್ಯಾವಳಿಗಳ ದೀರ್ಘ ಆಟಗಳಲ್ಲಿ ನಡೆಗಳನ್ನು ಬರೆಯುವುದು ಕಡ್ಡಾಯ. ಮೊದಲು ಕಾಯಿ ನಡೆಸಬೇಕು, ಆಮೇಲೆ ಬರೆಯಬೇಕು. ಮೊದಲೇ ಬರೆದುಕೊಂಡು ಯೋಚಿಸುವಂತಿಲ್ಲ. ಒಂದೇ ಸ್ಥಿತಿ, ಅದೇ ಆಟಗಾರರ ಸರದಿಯಲ್ಲಿ ಮೂರು ಸಲ ಬಂದರೆ 'ಡ್ರಾ' ಕೇಳಬಹುದು. ಯಾವ ಕಾಯಿಯನ್ನೂ ಹೊಡೆಯದೆ, ಯಾವ ಸೈನಿಕನೂ ನಡೆಯದೆ ಇಬ್ಬರೂ 50 ನಡೆ ಆಡಿದ್ದರೂ ಕೇಳಬಹುದು. ಅದನ್ನು ತೀರ್ಪುಗಾರರಿಗೆ ತೋರಿಸುವುದು ಹೇಗೆ? ಹಾಳೆಯಿಂದಲೇ ತಾನೆ!

"ಬರೆಯುತ್ತಾ ಕುಳಿತರೆ ಸಮಯ ಹಾಳು, ಗಮನವೂ ತಪ್ಪುತ್ತದೆ" ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಅದಕ್ಕೇ ಒಬ್ಬೊಬ್ಬರಿಗೆ 60 ನಿಮಿಷಕ್ಕಿಂತ ಕಡಿಮೆ ಸಮಯವಿರುವ ವೇಗದ ಆಟಗಳಲ್ಲಿ ಬರೆಯಲೇಬೇಕೆಂದು ನಿಯಮವಿಲ್ಲ. ಆದರೆ ಕಲಿಯುವವರಿಗೆ ಅವಸರವೇಕೆ? ಬರೆಯಲು ಬೇಕಾಗುವುದು ನಾಲ್ಕೈದು ಸೆಕೆಂಡು. ಆ ನಾಲ್ಕೈದು ಸೆಕೆಂಡು ಕೈ ತಡೆದರೆ ಅವಸರದ ಎಷ್ಟೋ ತಪ್ಪುಗಳು ತಪ್ಪುತ್ತವೆ.

ಬರೆದಿಟ್ಟರೆ ಇನ್ನೊಂದು ಲಾಭವೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳನ್ನು ಬಹಳ ಪ್ರೀತಿಸುತ್ತಿದ್ದರು. ಒಂದೇ ಕುದುರೆ 64 ಮನೆಗಳಿಗೂ ಒಂದೊಂದೇ ಸಲ ಹೋಗಿಬರುವ ದಾರಿಗಳನ್ನು ಅವರು ರಚಿಸಿದರು. ಮನೆಗಳಲ್ಲಿ 1ರಿಂದ 64ರವರೆಗೆ ಸಂಖ್ಯೆ ಬರೆದು ಇಂತಹ ದಾರಿಯನ್ನು ದಾಖಲಿಸಬಹುದು. ಹಾಗೆ ದಾಖಲಾದ ದಾರಿಯಲ್ಲಿ ಇಂದೂ ನಾವು ಕುದುರೆ ನಡೆಸಿ, ಅದು ಸರಿಯೇ ಎಂದು ಪರೀಕ್ಷಿಸಬಹುದು. ನಮ್ಮ ಅಜ್ಜಿಯಂದಿರು ಅಳಗುಳಿಮಣೆಯಲ್ಲಿ ಎಂತೆಂತಹ ಜಾಣ ನಡೆಗಳನ್ನು ಆಡಿರಬೇಡ! ಅವನ್ನು ಯಾರೂ ಬರೆದಿಡಲಿಲ್ಲ. ಕಡಲ ಮರಳಿನ ಮೇಲೆ ಬರೆದ ಹೆಸರಿನಂತೆ ಅವು ಅಳಿಸಿಹೋದವು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಪಂದ್ಯವಿರಲಿ, ಜಗಲಿಯ ಆಟವಿರಲಿ, ನಡೆಗಳನ್ನು ಬರೆಯಿರಿ. ಗೆದ್ದ ಆಟವನ್ನು ಬರೆಯಲು ಎಲ್ಲರಿಗೂ ಇಷ್ಟ. ಸೋತ ಆಟವನ್ನು ಬರೆಯಲು ಸ್ವಲ್ಪ ಧೈರ್ಯ ಬೇಕು. ಆದರೆ ಹೆಚ್ಚು ಕಲಿಸುವುದು ಅದೇ.

ಇಂದೇ ಹಳೆಯ ನೋಟ್ ಪುಸ್ತಕವೊಂದನ್ನು ತೆಗೆದುಕೊಳ್ಳಿ. ಗೆಳೆಯರೊಡನೆ ಹತ್ತು ಆಟ ಆಡಿ, ಹತ್ತನ್ನೂ ಬರೆಯಿರಿ. ಸೋತ ಪ್ರತಿ ಆಟದಲ್ಲಿ ತಪ್ಪಿದ ನಡೆಗೆ ಒಂದು ಗುರುತು ಹಾಕಿ. ಒಂದೇ ಬಗೆಯ ತಪ್ಪು ಎಷ್ಟು ಸಲ ಬಂದಿದೆ ಎಂದು ಎಣಿಸಿ. ಹನ್ನೊಂದನೇ ಆಟಕ್ಕೆ ಕೂರುವ ಮುನ್ನ ಆ ಪುಟಗಳನ್ನು ಒಮ್ಮೆ ನೋಡಿಕೊಳ್ಳಿ. ಮಾಡುತ್ತೀರಲ್ಲವೇ?