ವೈದ್ಯರ ಲಾಂಛನ ಯಾವುದು?

ಮಹಾನಗರದ ಬೀದಿಗಳಲ್ಲಿ ಔಷಧದಂಗಡಿಯ ಫಲಕದ ಮೇಲೂ ವೈದ್ಯರ ಕಾರಿನ ಗಾಜಿನ ಮೇಲೂ ಕೆಂಪು ಶಿಲುಬೆಯನ್ನು ಕಾಣದವರಿಲ್ಲ. ಚಿಕಿತ್ಸೆ ದೊರೆಯುವ ಎಡೆಯ ಗುರುತು ಅದೆಂದೇ ಜನಸಾಮಾನ್ಯರ ನಂಬಿಕೆ. ವಾಸ್ತವವಾಗಿ ಅದು ವೈದ್ಯವೃತ್ತಿಯ ಲಾಂಛನವೇ ಅಲ್ಲ.

1859ರಲ್ಲಿ ಇಟಲಿಯ ಸೋಲ್ಫೆರಿನೋ ರಣರಂಗದಲ್ಲಿ ಆರೈಕೆಯಿಲ್ಲದೆ ನರಳುತ್ತಿದ್ದ ಸಹಸ್ರಾರು ಗಾಯಾಳುಗಳನ್ನು ಕಂಡು ಮರುಗಿದವನು ಸ್ವಿಟ್ಜರ್ಲೆಂಡಿನ ವ್ಯಾಪಾರಿ ಹೆನ್ರಿ ಡ್ಯೂನಾಂಟ್. ಆತ ಹುಟ್ಟುಹಾಕಿದ ಆಂದೋಲನದ ಫಲವಾಗಿ ಏರ್ಪಟ್ಟ 1864ರ ಜಿನೀವಾ ಒಪ್ಪಂದವು ಬಿಳಿಯ ನೆಲದ ಮೇಲಿನ ಕೆಂಪು ಶಿಲುಬೆಯನ್ನು ಯುದ್ಧಭೂಮಿಯ ಶುಶ್ರೂಷಕರ ರಕ್ಷಾಚಿಹ್ನೆಯಾಗಿ ಅಂಗೀಕರಿಸಿತು. ಸ್ವಿಸ್ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿದ ರೂಪವದು. 'ಇಲ್ಲಿ ಗುಂಡು ಹಾರಿಸದಿರಿ' ಎಂಬುದೇ ಅದರ ತಾತ್ಪರ್ಯ. ನಮ್ಮ ದೇಶದಲ್ಲಿಯೂ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಇದನ್ನು ಬಳಸುವುದನ್ನು 1960ರ ಜಿನೀವಾ ಒಪ್ಪಂದಗಳ ಅಧಿನಿಯಮವು ನಿಷೇಧಿಸಿದೆ.

ಹಾಗಾದರೆ ವೈದ್ಯರ ಲಾಂಛನ ಯಾವುದು? ಪ್ರಾಚೀನ ಗ್ರೀಕರ ವೈದ್ಯದೇವತೆ ಆಸ್ಕ್ಲೀಪಿಯಸ್‌ನ ಊರುಗೋಲು. ಅದನ್ನು ಸುತ್ತಿಕೊಂಡಿರುವುದು ಒಂದೇ ಸರ್ಪ. ಪೊರೆ ಕಳಚಿ ಹೊಸದಾಗುವ ಹಾವು ಮರಳಿ ಬರುವ ಆರೋಗ್ಯದ ಸಂಕೇತವೆಂದು ಬಲ್ಲವರು ಅರ್ಥೈಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿರುವುದೂ ಇದೇ. ಆತನ ಮಗಳು ಹೈಜಿಯಾಳ ಸರ್ಪವೇಷ್ಟಿತ ಬಟ್ಟಲು ಔಷಧಶಾಸ್ತ್ರದ ಗುರುತಾಗಿದೆ. ಎರಡು ಹಾವುಗಳೂ ರೆಕ್ಕೆಗಳೂ ಉಳ್ಳ ದಂಡವಾದರೋ ಹರ್ಮಿಸ್‌ನದು. ಆತ ದೇವದೂತ, ವಣಿಕರ ಅಧಿದೇವತೆ! 1902ರಲ್ಲಿ ಅಮೆರಿಕದ ಸೈನ್ಯದ ವೈದ್ಯಕೀಯ ದಳವು ಇದನ್ನು ಧರಿಸಿದ ಮೇಲೆ ಗೊಂದಲ ಇನ್ನಷ್ಟು ಹಬ್ಬಿತು. ವೈದ್ಯನೇ ವಾಣಿಜ್ಯದ ದಂಡವನ್ನು ಹಿಡಿದು ನಿಂತರೆ ರೋಗಿ ಏನೆಂದು ತಿಳಿಯಬೇಕು?

ಉದ್ದೇಶ ಒಳ್ಳೆಯದಿದ್ದರೆ ಚಿಹ್ನೆ ಯಾವುದಾದರೇನು ಎಂದು ಕೆಲವರು ಕೇಳಬಹುದು. ಮುದ್ರೆಯ ಬೆಲೆ ಇರುವುದು ಅದರ ಹಿಂದಿನ ಹೊಣೆಯಲ್ಲಿ. ಯಾರು ಬೇಕಾದರೂ ಒತ್ತಬಹುದಾದ ಮುದ್ರೆಯನ್ನು ಯಾರೂ ನಂಬರು. ಕೆಂಪು ಶಿಲುಬೆ ಅಂಗಡಿಯ ಅಲಂಕಾರವಾದಷ್ಟೂ, ಅದನ್ನೇ ನಂಬಿ ಗುಂಡಿನ ಮಳೆಯಲ್ಲಿ ಗಾಯಾಳುವನ್ನು ಹೊತ್ತೊಯ್ಯುವವನ ರಕ್ಷಣೆ ಸಡಿಲವಾಗುತ್ತದೆ. ಅತ್ತ ನಗರದಲ್ಲಿಯೂ ನಕಲಿ ವೈದ್ಯನಿಗೆ ಕೆಂಪು ಬಣ್ಣದ ಒಂದು ಡಬ್ಬಿಯೇ ಅರ್ಹತಾಪತ್ರವಾಗಿಬಿಡುತ್ತದೆ.

ವೈದ್ಯಮಿತ್ರರು ತಮ್ಮ ವಾಹನಗಳಿಂದ ಆ ಚಿಹ್ನೆಯನ್ನು ತಾವಾಗಿಯೇ ತೆಗೆದುಹಾಕಿ, ತಮ್ಮದೇ ಆದ ಏಕಸರ್ಪದಂಡವನ್ನು ಹೆಮ್ಮೆಯಿಂದ ಧರಿಸಲಿ. ಅಪರಿಚಿತ ನಗರದಲ್ಲಿ ಚಿಕಿತ್ಸೆಗಾಗಿ ಬಾಗಿಲು ತಟ್ಟುವ ನಮ್ಮವರಾದರೂ ಫಲಕದ ಚಿತ್ರಕ್ಕೆ ಮಾರುಹೋಗದೆ, ವೈದ್ಯರ ಪದವಿಯನ್ನೂ ನೋಂದಣಿ ಸಂಖ್ಯೆಯನ್ನೂ ಓದಿ ಒಳಗೆ ಅಡಿಯಿಡಲಿ.