ಹಳೆಯ ಕಾರೂ ಹೃದಯದ ವ್ಯವಹಾರವೂ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹಳೆಯ ಅಂಬಾಸಡರ್ ಕಾರೊಂದನ್ನು ಕೊಳ್ಳುವ ಉತ್ಸಾಹದಲ್ಲಿದ್ದಾನೆ. "ಓಡಿಸಿ ನೋಡಿದೆಯೇನಪ್ಪ?" ಎಂದು ಕೇಳಿದೆ. "ಇದು ಹೃದಯದ ವ್ಯವಹಾರ ಸಾರ್. ಹಾಗೆಲ್ಲ ಪರೀಕ್ಷೆ ಮಾಡಿದರೆ ಮಾರುವವರು ಬೇಸರ ಮಾಡಿಕೊಳ್ಳುತ್ತಾರೆ" ಎಂದ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಈ ಮಾತನ್ನು ಸಹಿಸಲಾಗಲಿಲ್ಲ.

ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಮಾರುವವನು ಅದನ್ನು ಅವಮಾನವೆಂದು ಬಗೆಯುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ಈ ಸಂಕೋಚ ಎಲ್ಲಿಂದ ಬಂತು?

ನಾನೂ ಒಮ್ಮೆ ಹೃದಯದ ವ್ಯವಹಾರ ಮಾಡಿದವನೇ. ನಿವೃತ್ತಿಯ ಮರುವರ್ಷ, 2019ರಲ್ಲಿ, 1978ರ ಪ್ರೀಮಿಯರ್ ಪದ್ಮಿನಿಯೊಂದನ್ನು ಕೊಂಡೆ. ನಮ್ಮೂರಿನ ಡಾಕ್ಟರು ಫಿಯೆಟ್ ಕಾರಿನಲ್ಲಿ ಬರುತ್ತಿದ್ದ ನೆನಪು, ಸ್ಟಿಯರಿಂಗ್ ಪಕ್ಕದ ಆ ಗೇರು, ಮುಂದಿನ ಉದ್ದನೆಯ ಸೀಟು ಇಷ್ಟೇ ಸಾಕಾಯಿತು. ಮಾರಿದವರು ನಾನು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರು. ಮೈಸೂರಿನ ರಿಂಗ್ ರಸ್ತೆಯಲ್ಲಿ ಐದು ನಿಮಿಷ ತಾವೇ ಓಡಿಸಿ ತೋರಿಸಿದರು. ಮೂರನೆಯ ವಾರ ಮೊಮ್ಮಗಳನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಇಳಿಯುವಾಗ ಬ್ರೇಕಿನ ಪೆಡಲ್ ನೆಲ ಮುಟ್ಟಿತು. ಗೇರು ಇಳಿಸಿ, ಕೈಬ್ರೇಕ್ ಎಳೆದು, ಬೆಟ್ಟದ ಬದಿಯ ಮಣ್ಣಿಗೆ ಚಕ್ರ ಹತ್ತಿಸಿ ಹೇಗೋ ನಿಲ್ಲಿಸಿದೆ. ಮಗುವಿಗೆ ಅದೊಂದು ಆಟವೆನಿಸಿತ್ತು. ನನ್ನ ಕೈ ಸಂಜೆಯವರೆಗೂ ನಡುಗುತ್ತಿತ್ತು.

ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದಿದ್ದರೆ ಅದು ನಿಧಾನವಾಗಿ ಕುಸಿಯುವುದು ಕೊಳ್ಳುವ ದಿನವೇ ತಿಳಿಯುತ್ತಿತ್ತು. ಅದಕ್ಕೆ ಬಿ.ಇ. ಪದವಿ ಬೇಡ.

"ಹಳೆಯ ಕಾರೆಂದರೆ ಹೀಗೇ, ರಿಪೇರಿ ಮಾಡಿಸಿದರಾಯಿತು" ಎನ್ನುವವರಿದ್ದಾರೆ. ಇದು ಅರ್ಧಸತ್ಯ. ಎಂಜಿನ್ನು, ಬ್ರೇಕು ರಿಪೇರಿಯಾಗುತ್ತವೆ, ಒಪ್ಪುತ್ತೇನೆ. ಆದರೆ ಪದ್ಮಿನಿಗಾಗಲಿ ಅಂಬಾಸಡರಿಗಾಗಲಿ ಲಾರಿಗಿರುವಂತೆ ಪ್ರತ್ಯೇಕ ಚೌಕಟ್ಟಿಲ್ಲ. ಅವುಗಳ ಮೈಯೇ ಚೌಕಟ್ಟು. ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು ತುಕ್ಕು ಹಿಡಿದರೆ ಕಾರಿನ ಬೆನ್ನುಮೂಳೆಯೇ ಹೋದಂತೆ. ನನ್ನ ಕಾರಿನ ರಬ್ಬರ್ ಹಾಸನ್ನು ಮೆಕ್ಯಾನಿಕ್ ಎತ್ತಿದಾಗ ಕೆಳಗೆ ರಸ್ತೆ ಕಾಣಿಸಿತು! ಮೇಲೆ ಮಾತ್ರ ಕನ್ನಡಿಯಂಥ ಹೊಸ ಬಣ್ಣ. ಅಕ್ಷರ ದುಂಡಗಿದೆಯೆಂದು ತಪ್ಪು ಉತ್ತರಕ್ಕೆ ಅಂಕ ಕೊಟ್ಟ ಪರೀಕ್ಷಕನ ಸ್ಥಿತಿ ನನ್ನದಾಗಿತ್ತು. ಶಾಲೆಯಲ್ಲಿ ಎಷ್ಟೋ ವರ್ಷ ಕೈಯಲ್ಲಿ ಹಿಡಿದಿದ್ದ ದಂಡಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಆಡಿಸಿದ್ದರೆ, ಪಟ್ಟಿ ಮೆತ್ತಿದಲ್ಲಿ ಅದು ಅಂಟುತ್ತಲೇ ಇರಲಿಲ್ಲ.

ಇನ್ನು ಓಡಿಸಿ ನೋಡುವುದು. ಮೊದಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ "ನಾಳೆ ಬರುತ್ತೇನೆ" ಎಂದು ಹಿಂದಿರುಗಿ. ತಣ್ಣಗಿನ ಎಂಜಿನ್ ಚಾಲೂ ಮಾಡುವಾಗಲೇ ಅದರ ಕಷ್ಟಸುಖ ತಿಳಿಯುವುದು. ನೀವೇ ಓಡಿಸಬೇಕು, ಮಾಲೀಕರು ಪಕ್ಕದಲ್ಲಿ ಕೂರಲಿ. ಅರ್ಧ ಗಂಟೆಗೆ ಕಡಿಮೆ ಬೇಡ. ಏರು, ಇಳಿಜಾರು, ಸಂತೆಬೀದಿ ಎಲ್ಲವೂ ಇರಲಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರು ತಾನೇ ಜಾರಿಬಿದ್ದರೆ ಗೇರ್‌ಬಾಕ್ಸ್ ಸವೆದಿದೆ. ಮತ್ತೆ ಒತ್ತಿದಾಗ ಹಿಂದೆ ನೀಲಿ ಹೊಗೆ ಎದ್ದರೆ ಆಯಿಲ್ ಸುಡುತ್ತಿದೆ. ಬ್ರೇಕ್ ಹಾಕಿದಾಗ ಕಾರು ಒಂದೇ ಬದಿಗೆ ಎಳೆದರೆ ಅದನ್ನು "ಹಳೆಯ ಕಾರಿನ ಗುಣ" ಎಂದು ಯಾರಾದರೂ ಕರೆದಾರು, ನಂಬಬೇಡಿ.

'ವಿಂಟೇಜ್' ಎಂಬ ಪದದ ದುರುಪಯೋಗ ಕಂಡರೆ ನನಗೆ ಇನ್ನಷ್ಟು ಸಿಟ್ಟು. 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ ಆ ಹೆಸರಿಗೆ ಮೊದಲ ನೋಂದಣಿಯಿಂದ 50 ವರ್ಷ ಮೀರಿರಬೇಕು, ವಾಹನ ಮೂಲ ಸ್ವರೂಪದಲ್ಲೇ ಉಳಿದಿರಬೇಕು. ಎಲ್ಲಿಂದಲೋ ತಂದ ಡೀಸೆಲ್ ಎಂಜಿನ್ ಕೂರಿಸಿ ವಿಂಟೇಜ್ ಬೆಲೆ ಕೇಳುವವರಿಗೆ ಆರ್.ಸಿ. ಪುಸ್ತಕ ತೆರೆದು, ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಅವರ ಎದುರಿನಲ್ಲೇ ಓದಿ ತಾಳೆ ನೋಡಬೇಕು.

ಇಷ್ಟನ್ನೂ ಕೇಳಿದ ಶಿಷ್ಯ "ಇಷ್ಟೆಲ್ಲ ಮಾಡಿದರೆ ಆಸೆಯೇ ಹೋಗಿಬಿಡುತ್ತದಲ್ಲ ಸಾರ್" ಎಂದ. ನನ್ನ ಆಸೆ ಹೋಗಿಲ್ಲ. ಪದ್ಮಿನಿ ಇಂದಿಗೂ ಮನೆಯ ಮುಂದೆ ನಿಂತಿದೆ, ಕೊಂಡ ಬೆಲೆಗಿಂತ ಹೆಚ್ಚು ಹಣ ತಗಡಿನ ಕೆಲಸಕ್ಕೇ ನುಂಗಿ. ಅದನ್ನು ತೋರಿಸಿದೆ. ಹೊರಡುವಾಗ ಆಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡ. ಭಾನುವಾರ ಬೆಳಿಗ್ಗೆ ಆರಕ್ಕೆ, ಎಂಜಿನ್ ತಣ್ಣಗಿರುವಾಗಲೇ, ಇಬ್ಬರೂ ಹೋಗುವವರಿದ್ದೇವೆ.