ಪದಪರಿಚಯ: ಗಮಕಿ

ಕಥೆ ಬರೆಯುವವನನ್ನು ಕಥೆಗಾರನೆನ್ನುತ್ತೇವೆ. ಹಾಡುತ್ತ ಹೇಳುವವರನ್ನು ಹರಿಕಥೆಯ ದಾಸರೆನ್ನುತ್ತೇವೆ. ಕವಿ ಕಟ್ಟಿದ ಕಥೆಯನ್ನು ಕೇಳುಗರ ಮನಸ್ಸಿಗೆ ಮುಟ್ಟಿಸುವವನೊಬ್ಬನುಂಟು. ಅವನೇ ಗಮಕಿ. ಕಾವ್ಯವನ್ನು ರಾಗವಾಗಿ ಓದುವವನೆಂಬುದು ಈ ಪದಕ್ಕೆ ಇಂದು ರೂಢಿಯಲ್ಲಿರುವ ಅರ್ಥ. ಮೂಲಾರ್ಥವು ಇದಕ್ಕಿಂತ ಹಿರಿದು.

ಸಂಸ್ಕೃತದ 'ಗಮ್' ಧಾತುವಿಗೆ 'ಹೋಗು' ಎಂದರ್ಥ. ಹೋಗುವಂತೆ ಮಾಡುವುದು, ತಲುಪಿಸುವುದು ಗಮಕ. ಸಂಗೀತಗಾರರಿಗೆ ಗಮಕವೆಂದರೆ ಸ್ವರದ ಕಂಪನ. ಸಾಹಿತ್ಯದಲ್ಲಿ ತಲುಪಬೇಕಾದದ್ದು ಅರ್ಥ.

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಸಮಂತಭದ್ರರನ್ನು ಹೊಗಳುವಾಗ ಕವಿ, ಗಮಕ, ವಾದಿ, ವಾಗ್ಮಿ ಎಂಬ ನಾಲ್ವರನ್ನು ಒಟ್ಟಿಗೆ ಹೆಸರಿಸುತ್ತಾರೆ. ಪ್ರಾಚೀನರ ವಿವರಣೆಯಂತೆ ಹೊಸದನ್ನು ರಚಿಸುವವನು ಕವಿ. ಕೃತಿಯ ಒಳಗನ್ನು ಬಿಡಿಸಿ ತೋರುವವನು ಗಮಕ. ಮಾತಿನಿಂದ ಗೆಲ್ಲುವವನು ವಾದಿ. ಮಾತಿನಿಂದ ಜನರನ್ನು ರಂಜಿಸುವವನು ವಾಗ್ಮಿ. ಗಮಕವೇ ಕನ್ನಡದಲ್ಲಿ ಗಮಕಿಯಾಯಿತು.

ಈ ನಾಲ್ಕು ಮಾತುಗಳಿಗೂ ಹಾಸನ ಜಿಲ್ಲೆಯೊಂದರಲ್ಲೇ ನಿದರ್ಶನ ದೊರೆಯುತ್ತದೆ. ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡಿನ ಆಸ್ಥಾನಕ್ಕೆ ಸೇರಿದ ಜನ್ನ 1209ರಲ್ಲಿ 'ಯಶೋಧರ ಚರಿತೆ'ಯನ್ನು ರಚಿಸಿದ ಕವಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ 1129ರ ಮಲ್ಲಿಷೇಣ ಪ್ರಶಸ್ತಿ ಸಮಂತಭದ್ರರನ್ನು ಊರೂರಿನಲ್ಲಿ ವಾದದ ಭೇರಿ ಹೊಡೆದ ವಾದಿಯೆಂದು ಕೀರ್ತಿಸುತ್ತದೆ. ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನಲ್ಲೇ ಹೊತ್ತ ಅ. ನ. ಕೃಷ್ಣರಾಯರು (1908–1971) ನಾಡನ್ನೆಲ್ಲ ಮಾತಿನಿಂದ ಸೆಳೆದ ವಾಗ್ಮಿ. ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಹೊಳೆನರಸೀಪುರದಲ್ಲಿ ನೆಲೆಗೊಳಿಸಿದ ಸಚ್ಚಿದಾನಂದೇಂದ್ರ ಸರಸ್ವತಿಗಳು (1880–1975) ಶಂಕರಭಾಷ್ಯಗಳನ್ನು ಕನ್ನಡಕ್ಕೆ ತಂದು ಬಿಡಿಸಿ ಹೇಳಿದರು. ಅವರು ರಾಗವಾಗಿ ಕಾವ್ಯ ಓದಿದವರಲ್ಲ. ಆದರೂ ಹಳೆಯ ಅರ್ಥದಲ್ಲಿ ಅವರನ್ನು ಗಮಕಿಯೆಂದರೆ ತಪ್ಪಾಗದು.

ಅಕ್ಷರ ಬಾರದ ಹಳ್ಳಿಗರಿಗೂ ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ ದಕ್ಕಿದ್ದು ಗಮಕಿಯಿಂದಲೇ. ಮಳೆ ತಡೆದಾಗ ವಿರಾಟಪರ್ವವನ್ನು ಓದಿಸುವ ವಾಡಿಕೆ ಕನ್ನಡ ನಾಡಿನಲ್ಲಿ ಬೆಳೆದು ಬಂತು. ಷಟ್ಪದಿಯ ಸಾಲು ಸಂಧಿ ಸಮಾಸಗಳಿಂದ ಹೆಣೆದುಕೊಂಡಿರುತ್ತದೆ. ಎಲ್ಲಿ ಬಿಡಿಸಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಓದುವವನೇ ಅರಿಯಬೇಕು. 'ಅರಸಿ ಬಂದಳು' ಎಂಬ ಎರಡೇ ಮಾತನ್ನು ನೋಡಿರಿ. ಅರಸಿ ಎಂದು ಕೊಂಚ ತಡೆದು ಹೇಳಿದರೆ ರಾಣಿ ಬಂದಳು. ಒಂದೇ ಉಸಿರಿನಲ್ಲಿ ಹೇಳಿದರೆ ಯಾರನ್ನೋ ಹುಡುಕಿಕೊಂಡು ಬಂದಳು. ಒಂದು ಕ್ಷಣದ ಮೌನದಿಂದ ಕಥೆಯೇ ಬೇರೆಯಾಗುತ್ತದೆ. ಇಲ್ಲಿ ಕಂಠ ಎಷ್ಟು ಇಂಪಾಗಿದ್ದರೂ ಅರ್ಥ ತಿಳಿಯದವನ ಓದು ದಾರಿ ತಪ್ಪಿಸುವ ಓದೇ.

ಇಂದಿನ ಸಭೆಗಳಲ್ಲಿ ಸಾಮಾನ್ಯವಾಗಿ ವಾಚಿಸುವವರೊಬ್ಬರು, ವ್ಯಾಖ್ಯಾನಿಸುವವರು ಇನ್ನೊಬ್ಬರು. ಗಮಕಿಯೆಂಬ ಬಿರುದು ಮೊದಲನೆಯವರ ಪಾಲಿಗೆ ಉಳಿದಿದೆ; ಕೃತಿಯನ್ನು ಬಿಡಿಸಿ ತೋರುವ ಕೆಲಸ ಎರಡನೆಯವರ ಪಾಲಾಗಿದೆ. ಇಬ್ಬರೂ ಒಬ್ಬರನ್ನೊಬ್ಬರು ಅರಿತು ನಡೆದರೆ ಕೊರತೆಯಿಲ್ಲ. ರಾಗಕ್ಕೆ ತಲೆದೂಗಿ, ವ್ಯಾಖ್ಯಾನದ ಹೊತ್ತಿಗೆ ಸಭೆ ಎದ್ದು ಹೋದರೆ ಮಾತ್ರ ಕವಿಯ ಕಥೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಮನೆಯಲ್ಲಿ ಮಗುವಿನ ಪಠ್ಯಪುಸ್ತಕದಲ್ಲೊಂದು ಹಳೆಯ ಪದ್ಯವಿದ್ದೀತು. ಅದನ್ನು ಬಾಯಿಪಾಠ ಮಾಡಿಸುವುದಕ್ಕೆ ಮುನ್ನ ಪದಗಳನ್ನು ಬಿಡಿಸಿ, ಕಥೆಯನ್ನು ತಿಳಿಸಿ, ಗಟ್ಟಿಯಾಗಿ ಓದಿ ತೋರುವ ತಾಯಿಗೂ ತಂದೆಗೂ ಈ ಹಳೆಯ ಹೆಸರು ಸಲ್ಲುತ್ತದೆ.